ಉತ್ತರ ಕಪಾಟಿನೊಳಗಿತ್ತು

ಕಂಡಕ್ಟರನ ಚರ್ಮದ ಚೀಲಕ್ಕೆ ಒಂದು ವಾಸನೆ ಇದೆ. ಬೆವರು, ನಾಣ್ಯದ ತುಕ್ಕು, ಮಳೆಗಾಲದ ಬೂಷ್ಟು, ಹತ್ತಾರು ವರ್ಷ ಒಂದೇ ಹೆಗಲಿಗೆ ಉಜ್ಜಿದ ಚರ್ಮ... ತೊಳೆದರೂ ಹೋಗುವುದಿಲ್ಲ, ಬಿಸಿಲಿಗೆ ಇಟ್ಟರೂ ಹೋಗುವುದಿಲ್ಲ. ಮೊನ್ನೆ ಅಟ್ಟದ ಮೇಲಿಂದ ನನ್ನ ಹಳೆಯ ಚೀಲ ಇಳಿಸಿದೆ. ಈಗ ಟಿಕೇಟು ಕೊಡುವುದು ಕೈಯಲ್ಲಿ ಹಿಡಿಯುವ ಮೆಶಿನಿನಿಂದ. ರೆಗ್ಸಿನ್ನಿನ ಸಣ್ಣ ಚೀಲ ಸಾಕಾಗುತ್ತದೆ. ಹಳೆಯದರ ಒಳಜೇಬಿಗೆ ಕೈ ಹಾಕಿದೆ. ಏನಿದೆ ಎಂದು ಗೊತ್ತಿದ್ದೇ ಹಾಕಿದ್ದು. ಆದರೂ ಬೆರಳು ಬೆಚ್ಚಿತು.

ಹಿತ್ತಾಳೆಯ ಒಂದು ಸಣ್ಣ ಬೀಗ. ಅದರ ಬಾಯಲ್ಲೇ ಕೀ.

ಆ ಬೀಗವನ್ನು ಚೀಲದಲ್ಲಿ ಇಟ್ಟವಳು ನನ್ನ ತಂಗಿ. ಅವಳು ಹೋಗಿ ಎರಡು ಮಳೆಗಾಲ ಕಳೆಯಿತು. ಅವಳ ವಿಷಯದಲ್ಲಿ ನಾನು ಮಾಡಿದ್ದು ಸರಿ, ಮನೆಗೆ ಹಿರಿಯವನಾಗಿ ಯಾರೇ ಆದರೂ ಹಾಗೇ ಮಾಡುತ್ತಿದ್ದರು ಎಂದು ನೆಂಟರು ಇವತ್ತಿಗೂ ಸಮಾಧಾನ ಹೇಳುತ್ತಾರೆ. ಆ ಸಮಾಧಾನ ನನಗೆ ಬೇಡ. ಮಾಡಿದ್ದು ಸರಿಯಲ್ಲ. ಏಳನೇ ಕ್ಲಾಸು ಓದಿದವನ ಕೈಯಲ್ಲಿ ಎಷ್ಟು ಬರುತ್ತದೋ ಅಷ್ಟು, ನಡೆದದ್ದು ನಡೆದ ಹಾಗೆ ಬರೆಯುತ್ತೇನೆ. ಬೇಸರ ಆಗುವವರಿಗೆ ಆಗಲಿ.

ನಮ್ಮದು ಬಸ್ರೂರು. ಅಪ್ಪಯ್ಯ ದೋಣಿ ಕಟ್ಟುವ ಬಡಗಿ. ಅಬ್ಬೆ ನಾವು ಸಣ್ಣವರಿದ್ದಾಗಲೇ ತೀರಿಹೋಗಿದ್ದರು. ನಾನು ಶಾಲೆ ಬಿಟ್ಟು ಮೊದಲು ಬಸ್ಸಿನ ಕ್ಲೀನರ್ ಆದೆ, ಆಮೇಲೆ ಕಂಡಕ್ಟರ್. ಬಸ್ರೂರಿನಿಂದ ಹೊರಟು ಕುಂದಾಪುರ, ಹೆಮ್ಮಾಡಿ, ತ್ರಾಸಿ, ಮರವಂತೆ, ನಾವುಂದ ಎಂದು ಕೂಗುತ್ತ ಬೈಂದೂರು ಮುಟ್ಟುವುದು, ವಾಪಸು ಬರುವುದು, ಇದೇ ನನ್ನ ಲೋಕ. ತಂಗಿ ಪಾಲಿಟೆಕ್ನಿಕ್ಕಿನಲ್ಲಿ ಡಿಪ್ಲೊಮಾ ಮಾಡಿ, ಕುಂದಾಪುರದ ಹತ್ತಿರ ಒಂದು ಗೇರುಬೀಜದ ಕಾರ್ಖಾನೆಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಕೆಲಸಕ್ಕೆ ಸೇರಿದಳು. ಬೆಳಿಗ್ಗೆ ನನ್ನ ಬಸ್ಸಿನಲ್ಲೇ ಹೋಗುವಳು. ಮಧ್ಯಾಹ್ನ ಕಳೆದು ಮನೆಗೆ ಬಂದರೆ ತನ್ನ ಕಂಪ್ಯೂಟರಿನ ಎದುರು ಕೂರುವಳು, ದೇವರಿಗೆ ದೀಪ ಇಡುವ ಹೊತ್ತಿಗೆ ಏಳುವಳು.

ಆ ಕಂಪ್ಯೂಟರಿಗೆ ಅಪ್ಪಯ್ಯ ಒಂದು ಕಪಾಟು ಮಾಡಿಕೊಟ್ಟಿದ್ದರು. ಅದಕ್ಕೂ ಮೊದಲು ಇಲಿ ಹೊಕ್ಕು ವಯರು ಕಡಿದಿತ್ತು. ಹೊಳೆಯ ಉಪ್ಪುಗಾಳಿಗೆ ಒಳಗಿನ ತಗಡು ಹಸಿರಾಗಿತ್ತು. ದೋಣಿಗೆ ತಂದು ಉಳಿದ ಹೆಬ್ಬಲಸಿನ ಹಲಗೆ, ಒಂದೂ ಮೊಳೆ ಇಲ್ಲದ ಜೋಡಣೆ. ಎರಡು ಬಾಗಿಲು, ಅದಕ್ಕೊಂದು ಕೊಂಡಿ, ಕೊಂಡಿಗೆ ಸಂತೆಯಿಂದ ತಂದ ಈ ಹಿತ್ತಾಳೆ ಬೀಗ. ಬೀಗ ಸುಮ್ಮನೆ ನೇತಾಡುತ್ತಿತ್ತು, ಹಾಕಿದವರು ಯಾರೂ ಇರಲಿಲ್ಲ.

ಅವಳು ಮಾಡುತ್ತಿದ್ದ ಕೆಲಸ ನನಗೆ ಅರ್ಥವಾದದ್ದು ಬಸ್ಸಿನಲ್ಲಿ. ಮರವಂತೆ ದಾಟಿದ ಮೇಲೆ ಹೆದ್ದಾರಿ ಬದಿಯಲ್ಲಿ ಒಂದು ದೊಡ್ಡ ಧೂಪದ ಮರ ಇತ್ತು. ರಸ್ತೆ ಅಗಲ ಮಾಡುವಾಗ ಕಡಿದರು. ಸ್ಟಾಪು ಅಲ್ಲಿಂದ ಸರಿದು ಅಂಡರ್‌ಪಾಸಿನ ಹತ್ತಿರ ಹೋಯಿತು. ಮರ ಹೋಗಿ ಎಷ್ಟೋ ಕಾಲವಾದರೂ ಜನ ಮರದ ಹೆಸರನ್ನೇ ಹೇಳುತ್ತಾರೆ. ಒಂದು ಭಾನುವಾರ ತಂಗಿ ಬೈಂದೂರಿನ ನೆಂಟರ ಮನೆಗೆಂದು ನನ್ನದೇ ಬಸ್ಸಿನಲ್ಲಿ ಹೊರಟಿದ್ದಳು. ನನಗೆ ರಜೆಯಿಲ್ಲ, ಚೀಲ ಹೆಗಲಲ್ಲೇ ಇತ್ತು. ಮೀನಿನ ಬುಟ್ಟಿ ಇಟ್ಟುಕೊಂಡ ಮುದುಕಿಯೊಬ್ಬರು ಬಾಗಿಲಲ್ಲೇ ನಿಂತು ಕೂಗಿದರು.

“ಹ್ವಾಯ್, ಧೂಪದ ಮರದ್ ಹತ್ರ ಇಳ್ಸ್ಕ್ ಮಾರಾಯಾ!”

“ಹತ್ತಿ ಅಮ್ಮ. ಮರ ಇಲ್ದಿರೂ ನಿಮ್ಮನ್ ಇಳ್ಸ್ತೆ.”

“ಮರ ಇಲ್ದಿರೆ ಎಂತ, ನಾನ್ ಇದ್ನಲೆ!”

ಬಸ್ಸೆಲ್ಲ ನಕ್ಕಿತು. ನಾನು ಅಂಡರ್‌ಪಾಸಿಗೆ ಟಿಕೇಟು ಹರಿದು ಕೊಟ್ಟೆ. ತಂಗಿ ಕಿಟಕಿಯಿಂದ ಮುಖ ತಿರುಗಿಸಿ ನನ್ನನ್ನೇ ನೋಡುತ್ತಿದ್ದಳು.

“ಅಣ್ಣ, ನಾನ್ ಮಾಡುದೂ ಇದೇ ಕೆಲ್ಸ ಕಾಣ್.”

ಆಮೇಲೆ ನಾವುಂದದವರೆಗೂ ಹೇಳುತ್ತಲೇ ಹೋದಳು. ಕಂಪ್ಯೂಟರಿನೊಳಗೆ ಎಲ್ಲಕ್ಕೂ ಅಡಿಪಾಯವಾಗಿ ಒಂದು ವ್ಯವಸ್ಥೆ ಇರುತ್ತದಂತೆ. ಅವಳು ಅದನ್ನು ಕರ್ನಲ್ ಎನ್ನುತ್ತಿದ್ದಳು. ಯಾವ ಕೆಲಸಕ್ಕೆ ಎಷ್ಟು ಮೆಮರಿ, ಯಾವ ಜಾಗದಲ್ಲಿ ಎಂದು ಹಂಚಿಕೊಡುವುದು ಅದೇ. ಮೊದಲು ಮೆಮರಿಯನ್ನು ಪುಟ ಪುಟವಾಗಿ ಲೆಕ್ಕ ಇಡುತ್ತಿದ್ದರು, ನಾನು ಒಂದೊಂದೇ ಟಿಕೇಟು ಎಣಿಸಿದ ಹಾಗೆ. ಈಗ ಪುಟಗಳನ್ನು ಒಟ್ಟುಮಾಡಿ ಕಟ್ಟಾಗಿ ನೋಡುತ್ತಾರೆ, ಟಿಕೇಟಿನ ಕಟ್ಟಿನ ಹಾಗೆ. ಕೆಲಸ ಬೇಗ ಆಗುತ್ತದೆ. ಆದರೆ ಹಳೆಯ ಪದ್ಧತಿಯಲ್ಲಿ ಬರೆದ ಸಾಲುಗಳು ನೂರಾರು ಕಡೆ ಇವೆ, ಅವು ಇನ್ನೂ ಹಳೆಯ ಹೆಸರಿನಲ್ಲೇ ಕರೆಯುತ್ತವೆ: ನನಗೆ ಈ ಪುಟ ಕೊಡು, ಆ ಪುಟಕ್ಕೆ ಗುರುತು ಹಾಕು ಎಂದು. ಹಾಗೆ ಕರೆದಾಗ ನಡುವೆ ನಿಂತು, ಹಳೆಯ ಹೆಸರನ್ನು ಕೇಳಿಸಿಕೊಂಡು, ಆ ಪುಟ ಯಾವ ಕಟ್ಟಿನಲ್ಲಿದೆ ಎಂದು ನೋಡಿ, ಹೊಸ ಕಡೆಗೆ ದಾಟಿಸುವ ನಾಲ್ಕು ನಾಲ್ಕು ಸಾಲು ಬರೆಯಬೇಕು. ಅದಕ್ಕೆ ರ‍್ಯಾಪರ್ ಎನ್ನುತ್ತಾರೆ. ಅವಳು ಬರೆಯುತ್ತಿದ್ದದ್ದು ಅದನ್ನು.

ಅವಳಿಗೆ ಇದು ಅಂಟಿದ್ದು ಕಾರ್ಖಾನೆಯ ಒಂದು ಮುದಿ ಕಂಪ್ಯೂಟರಿನಿಂದ. ಅದರ ಹಳೆಯ ನಮೂನೆಯ ಡಿಸ್ಕು ಹೊಸ ಕರ್ನಲ್ಲಿನಲ್ಲಿ ಓಡಲಿಲ್ಲ. ಆ ಕರ್ನಲ್ಲನ್ನು ಲೋಕದ ನಾನಾ ಕಡೆಯ ಜನ ಸೇರಿ ಬರೆಯುವುದು, ಬರೆದದ್ದನ್ನು ಎಲ್ಲರೂ ನೋಡುವಂತೆ ಇ-ಮೇಲಿನಲ್ಲಿ ಚರ್ಚೆ ಮಾಡುವುದು. ಇವಳು ಅಲ್ಲಿಗೆ ತನ್ನ ತೊಂದರೆ ಬರೆದಳು. ಯಾರೋ ಒಂದೇ ಸಾಲು ಉತ್ತರ ಕೊಟ್ಟರಂತೆ: ನೀವೇ ಸರಿಮಾಡಿ ಕಳಿಸಿ. ಬೇರೆಯವರಾಗಿದ್ದರೆ ಸಿಟ್ಟು ಮಾಡಿಕೊಳ್ಳುತ್ತಿದ್ದರು. ಇವಳು ಸರಿಮಾಡಿ ಕಳಿಸಿದಳು.

ಇನ್ನೊಂದು ವಿಚಿತ್ರ ಹೇಳಿದಳು. ಈ ಸಾಲುಗಳೆಲ್ಲ ಇರುವ ಕಡತದ ತಲೆಯ ಮೇಲೆಯೇ ಬರೆದಿಡುತ್ತಾರಂತೆ: ಕರೆಯುವವರೆಲ್ಲ ಹೊಸ ಪದ್ಧತಿಗೆ ಬಂದ ಮೇಲೆ ಇದನ್ನು ಅಳಿಸಬೇಕು ಎಂದು.

“ಅಳ್ಸುಕೇ ಬರುದ್ ಅಂದ್ರೆ, ಬರುದ್ ಎಂತಕೆ?” ಎಂದು ಕೇಳಿದೆ.

“ಅಷ್ಟ್ರವರೆಗೆ ಯಾರೂ ದಾರಿ ಮಧ್ಯ ನಿಲ್ಲೂಕಾಗ ಅಲ್ದಾ? ಆ ಅಮ್ಮನ್ನ ನೀ ‘ಮರ ಇಲ್ಲೆ’ ಅಂದ್ ಬಸ್ಸಿಂದ ಇಳ್ಸಿ ಬಿಡ್ತಿದ್ಯಾ?”

ಅರ್ಥವಾಯಿತು. ಅರ್ಥವಾದರೂ ಹೆಮ್ಮೆಪಡುವ ಬುದ್ಧಿ ನನಗೆ ಬರಲಿಲ್ಲ. ನಿನ್ನ ತಂಗಿ ಮನೆಯಲ್ಲಿ ಕೂತು ಎಂತ ಮಾಡುತ್ತಾಳೆ ಎಂದು ಬಸ್ಸಿನಲ್ಲಿ ಕೇಳಿದವರಿಗೆ “ಟೈಪಿಂಗ್” ಎನ್ನುತ್ತಿದ್ದೆ. ಅವಳು ಎರಡು ಸೀಟು ಹಿಂದೆ ಕೂತಿರುತ್ತಿದ್ದಳು.

ಅಪ್ಪಯ್ಯ ತೀರಿಕೊಳ್ಳುವ ಎರಡು ವಾರ ಮೊದಲು ಅವಳ ಸಾಲುಗಳಲ್ಲಿ ಒಂದು ತಪ್ಪು ಕಂಡಿತ್ತು. ದೂರದ ಯಾವುದೋ ದೇಶದವನೊಬ್ಬ ಬರೆದಿದ್ದ, ನಿಮ್ಮ ಬದಲಾವಣೆ ಆದ ಮೇಲೆ ನನ್ನ ಯಂತ್ರ ನಿಂತೇ ಬಿಡುತ್ತದೆ ಎಂದು. ಅವಳು ಊಟ ಮಾಡುವಾಗಲೂ ಅದನ್ನೇ ಯೋಚಿಸುತ್ತಿದ್ದಳು. ಹನ್ನೊಂದು ದಿನಕ್ಕೆ ಹಿಡಿದಳು. ಒಬ್ಬ ಹಳೆಯ ಗಿರಾಕಿ ಕೇಳಿದ್ದು ಕಟ್ಟಿನ ನಡುವಿನ ಪುಟ, ಇವಳ ಸಾಲು ಅವನನ್ನು ಕಟ್ಟಿನ ಮೊದಲ ಪುಟಕ್ಕೆ ಕಳಿಸಿತ್ತು.

“ಒಬ್ರನ್ನ ಹೈವೇ ಆಚೆ ಬದಿಗ್ ಇಳ್ಸಿ ಬಿಟ್ಟಿದ್ದೆ ಅಣ್ಣ,” ಎಂದಳು. ತಪ್ಪು ಒಪ್ಪುವಾಗ ಅವಳ ಮುಖದಲ್ಲಿ ನಾಚಿಕೆ ಇರಲಿಲ್ಲ, ಅವಸರ ಇತ್ತು.

ಆ ವಿಭಾಗ ನೋಡಿಕೊಳ್ಳುವ ಹಿರಿಯರೊಬ್ಬರು ಗಡುವು ಹಾಕಿದ್ದರು. ಇಂಥ ಭಾನುವಾರದೊಳಗೆ ಬರೆದವರು ಉತ್ತರ ಕೊಡಬೇಕು, ಇಲ್ಲದಿದ್ದರೆ ಅವಳು ಸೇರಿಸಿದ್ದನ್ನೆಲ್ಲ ವಾಪಸು ತೆಗೆಯುವುದು. ಅಲ್ಲಿ ಯಾರಿಗೂ ಯಾರ ಮುಖವೂ ಗೊತ್ತಿಲ್ಲ, ಊರು ಗೊತ್ತಿಲ್ಲ, ಹೆಣ್ಣೋ ಗಂಡೋ ಕೇಳುವವರಿಲ್ಲ. ಗೊತ್ತಿರುವುದು ಒಂದೇ: ಕೇಳಿದರೆ ಇವರು ಉತ್ತರ ಕೊಡುತ್ತಾರೋ ಇಲ್ಲವೋ. ಅವಳಿಗಿದ್ದ ಹೆಸರು ಅಷ್ಟೇ. ಅದನ್ನು ಅವಳು ನಾಲ್ಕು ವರ್ಷದಲ್ಲಿ ಗಳಿಸಿದ್ದಳು.

ಉತ್ತರ ಸಿದ್ಧವಾಯಿತು. ಕೊನೆಯ ಪರೀಕ್ಷೆಯೊಂದು ಕಂಪ್ಯೂಟರಿನಲ್ಲಿ ಓಡುತ್ತಿತ್ತು. ಅದು ಮುಗಿಯುವ ಮುಂಚೆ ಅಪ್ಪಯ್ಯ ದೋಣಿಯ ಅಡಿಮರಕ್ಕೆ ಒರಗಿದವರು ಹಾಗೇ ಕುಸಿದರು... ಉಳಿ ಕೈಯಲ್ಲೇ ಇತ್ತು.

ಅವರನ್ನು ಸುಟ್ಟು ಬಂದ ಮಾರನೇ ದಿನ ಮನೆ ತುಂಬ ನೆಂಟರು. ಒಲೆಯಲ್ಲಿ ಒಗ್ಗರಣೆ ಇಲ್ಲ, ದೇವರಿಗೆ ದೀಪ ಇಲ್ಲ, ಟೀವಿಯ ಮೇಲೆ ಬಟ್ಟೆ. ಎಲ್ಲರೂ ಮೆಲ್ಲ ಮಾತಾಡುತ್ತಿದ್ದಾಗ ಕಪಾಟಿನೊಳಗಿನ ಫ್ಯಾನು ಕೇಳುತ್ತಿತ್ತು. ಅಪ್ಪಯ್ಯನ ಅಣ್ಣನ ಹೆಂಡತಿ ನಮ್ಮ ದೊಡ್ಡಮ್ಮ. ಅಬ್ಬೆ ಹೋದ ಮೇಲೆ ನಮ್ಮನ್ನು ಅರ್ಧ ಬೆಳೆಸಿದವರೂ ಅವರೇ. ಅವರು ಕಿವಿ ಕೊಟ್ಟರು.

“ಅದೆಂತದಾ ಗುಂಯ್ ಅಂಬುದ್? ಹೆಣ ತೆಗ್ದ್ ಮನೆಯಲ್ ಆಟ ಹಾಕಿದ್ರಾ?”

ನಾನು ಎದ್ದೆ. ಪ್ಲಗ್ಗು ಕಿತ್ತೆ. ಕಪಾಟಿನ ಬಾಗಿಲು ಮುಚ್ಚಿ, ನೇತಾಡುತ್ತಿದ್ದ ಬೀಗವನ್ನು ಹಾಕಿದೆ. ಕೀಯನ್ನು ಚರ್ಮದ ಚೀಲದ ಒಳಜೇಬಿಗೆ ಇಳಿಬಿಟ್ಟೆ. ಯಾರೋ ಚಾವಡಿಯಿಂದ, ಈಗ ಮನೆಗೊಬ್ಬ ಯಜಮಾನ ಆದ ಎಂದರು. ಆ ಮಾತು ನನಗೆ ರುಚಿಸಿತು. ಅಪ್ಪಯ್ಯನ ಬೂದಿ ಇನ್ನೂ ಬೆಚ್ಚಗಿರುವಾಗ ನನಗೆ ರುಚಿಸಿದ ಮಾತು ಅದು.

ಮಧ್ಯಾಹ್ನ ತಂಗಿ ಬಂದು ಮೆಲ್ಲ ಹೇಳಿದಳು, “ಅಣ್ಣ, ಹತ್ ನಿಮಿಷ ಸಾಕ್. ಒಂದ್ ಉತ್ರ ಕಳ್ಸಿ ಮುಚ್ತೆ.”

“ಬೊಜ್ಜ ಮುಗಿಲಿ.”

“ಬೊಜ್ಜ ಹದ್ಮೂರಕ್ಕೆ. ಅವ್ರ್ ಹತ್ ದಿನ ಕೊಟ್ಟದ್.”

“ಅವ್ರಿಗ್ ಸೂತಕ ಇಲ್ದಿರೆ ನಾನೆಂತ ಮಾಡುದ್? ನಮ್ಗಿತ್ತಲೆ.”

ಎಲ್ಲರೂ ಕೇಳುವ ಹಾಗೆ ಹೇಳಿದೆ. ಅವಳು ಕೇಳಿದ್ದು ನನ್ನೊಬ್ಬನಿಗೆ ಕೇಳುವ ಹಾಗೆ.

ಸೂತಕದ ಮೇಲಿನ ನಂಬಿಕೆಯಿಂದ ಹಾಗೆ ಮಾಡಿದೆ ಎಂದು ನಾನು ಎಷ್ಟೋ ದಿನ ನನಗೇ ಹೇಳಿಕೊಂಡೆ. ಸುಳ್ಳು. ಅದೇ ಸೂತಕದಲ್ಲಿ ನಾನು ಕೊಟ್ಟಿಗೆಯ ಹಿಂದೆ ನಿಂತು ಮೊಬೈಲಿನಲ್ಲಿ ಕ್ರಿಕೆಟ್ಟಿನ ಸ್ಕೋರು ನೋಡಿದ್ದೇನೆ. ಆರನೇ ದಿನ ಬದಲಿ ಜನ ಇಲ್ಲವೆಂದು ಬಸ್ಸಿನವರು ಕರೆದಾಗ ಚೀಲ ಹೆಗಲಿಗೆ ಹಾಕಿ ಬೈಂದೂರಿನವರೆಗೆ ಹೋಗಿ ಬಂದಿದ್ದೇನೆ. ಸೂತಕದ ಕೈಯಲ್ಲಿ ಟಿಕೇಟು ಹರಿಯಬಹುದು, ಅವಳು ಕಪಾಟು ತೆಗೆಯಬಾರದು! ಇದು ನಂಬಿಕೆಯಲ್ಲ. ಹುಟ್ಟಿದಂದಿನಿಂದ ನನ್ನ ಮಾತು ಯಾರೂ ಕೇಳಿರಲಿಲ್ಲ. ಬಸ್ಸಿನಲ್ಲಿ ಪ್ಯಾಸೆಂಜರು ಬಯ್ಯುತ್ತಾರೆ, ಟೈಮ್ ಕೀಪರ್ ಬಯ್ಯುತ್ತಾನೆ. ಇಲ್ಲಿ ಒಬ್ಬಳು ಕೇಳಲೇಬೇಕಿತ್ತು.

ಅವಳು ಸುಮ್ಮನೆ ಕೂರಲಿಲ್ಲ. ಫೋನಿನಿಂದ ಎರಡು ಸಲ ಕಳಿಸಿ ನೋಡಿದಳು. ಆ ಚರ್ಚೆಯ ಜಾಗದಲ್ಲಿ ಬರೀ ಅಕ್ಷರದ ಪತ್ರ ಮಾತ್ರ ತೆಗೆದುಕೊಳ್ಳುವುದಂತೆ. ಫೋನಿನ ಮೇಲ್ ಅದರ ಜೊತೆ ಏನೇನೋ ಅಲಂಕಾರ ಸೇರಿಸಿ ಕಳಿಸುತ್ತದೆ. ಎರಡು ಸಲವೂ ಬಾಗಿಲಿನಿಂದಲೇ ವಾಪಸು ಬಂತು. ಹನ್ನೊಂದು ದಿನದ ಕೆಲಸವೂ ಆ ಕಂಪ್ಯೂಟರಿನೊಳಗೇ ಇತ್ತು.

ಆರನೇ ದಿನದ ಸಂಜೆ ಬಸ್ಸು ಬಸ್ರೂರಿಗೆ ಬಂದು ನಿಂತಾಗ ಅವಳು ರಸ್ತೆಗೇ ಬಂದಳು. ಕೀ ಕೊಡು ಎಂದಳು. ಕೊಡುವುದಿಲ್ಲ ಎಂದು ಹೇಳಿದ್ದರೆ ಎಷ್ಟೋ ವಾಸಿಯಿತ್ತು. ಡ್ರೈವರು ನೋಡುತ್ತಿದ್ದ, ಅಂಗಡಿಯವರು ನೋಡುತ್ತಿದ್ದರು.

“ಕೀ ಕಾಂತಿಲ್ಲ ಕಾಣ್. ಬಸ್ಸಲ್ಲೆಲ್ಲೋ ಬಿದ್ ಹೋಯ್ತ್,” ಎಂದೆ.

ಅವಳು ನಂಬಿದಳು. ಅದೇ ನನ್ನನ್ನು ಈಗಲೂ ಸುಡುವುದು. ನಂಬಿದ್ದಲ್ಲದೆ ಕ್ಲೀನರನ ಹಿಡಿಸೂಡಿ ತೆಗೆದುಕೊಂಡು ಬಸ್ಸು ಹತ್ತಿದಳು. ಹಿಂದಿನ ಸೀಟಿನಿಂದ ಶುರುಮಾಡಿ, ಒಂದೊಂದು ಸೀಟಿನ ಅಡಿಗೂ ಬಗ್ಗಿ, ಕೈಯಾಡಿಸಿ ಗುಡಿಸುತ್ತ ಬಂದಳು. ಕಡಲೆ ಕಟ್ಟಿದ ಕಾಗದ, ಎರಡು ಕ್ಲಿಪ್ಪು, ಬಾಡಿದ ಅಬ್ಬಲಿಗೆ ಹೂ, ಮಗುವಿನ ಒಂದು ಕಾಲುಚೀಲ ಸಿಕ್ಕಿದವು. ಯಾರಾದರೂ ಕೇಳಿಕೊಂಡು ಬರಬಹುದು ಎಂದು ಕಾಲುಚೀಲವನ್ನು ಕೊಡವಿ ಎಂಜಿನ್ನಿನ ಮುಚ್ಚಳದ ಮೇಲೆ ಇಟ್ಟಳು. ಮೊಣಕಾಲಿಗೆಲ್ಲ ಮಸಿ. ನಾನು ಬಾಗಿಲ ಹತ್ತಿರ ನಿಂತು ನೋಡುತ್ತಿದ್ದೆ. ಚೀಲ ಹೆಗಲಲ್ಲಿತ್ತು. ಕೀ ಚೀಲದಲ್ಲಿತ್ತು.

ಮನೆಗೆ ಬಂದವಳು ಅಪ್ಪಯ್ಯನ ಉಳಿ ತೆಗೆದುಕೊಂಡು ಕಪಾಟಿನ ಎದುರು ನಿಂತಳು. ಕೊಂಡಿ ಎಬ್ಬಿಸಲು ಒಂದು ಏಟು ಸಾಕು. ಹಲಗೆಯ ಜೋಡಣೆಯನ್ನು ಬೆರಳಿನಿಂದ ಸವರಿದಳು... ಉಳಿಯನ್ನು ಇದ್ದಲ್ಲೇ ಇಟ್ಟಳು. ಅಪ್ಪಯ್ಯನ ಕೈಕೆಲಸವನ್ನು ಅಪ್ಪಯ್ಯನ ಸೂತಕದಲ್ಲಿ ಒಡೆಯುವುದು ಅವಳಿಂದಾಗಲಿಲ್ಲ. ನೆಂಟರೆದುರು ಸೂತಕದ ದೊಡ್ಡ ಮಾತಾಡಿದವನು ನಾನು, ನಿಜವಾಗಿ ಸೂತಕ ಹಿಡಿದವಳು ಅವಳು.

ಅಪ್ಪಯ್ಯನ ಉತ್ತರಕ್ರಿಯೆಯ ಬೊಜ್ಜ ಮುಗಿಯಿತು, ಸೂತಕ ಕಳೆಯಿತು. ಮಾರನೇ ದಿನ ಬೆಳಿಗ್ಗೆ, ಸೀಟಿನ ಸಂದಿಯಲ್ಲಿ ಸಿಕ್ಕಿತು ಎಂದು ಕೀ ಕೊಟ್ಟೆ. ಅವಳು ಅದನ್ನು ಅಂಗೈಯಲ್ಲಿ ಇಟ್ಟು ನೋಡಿದಳು. ಆಮೇಲೆ ಮೂಗಿನ ಹತ್ತಿರ ಹಿಡಿದಳು.

ಎಂಟು ದಿನ ಬಸ್ಸಿನ ಧೂಳಿನಲ್ಲಿ ಬಿದ್ದಿದ್ದ ಕೀಗೆ ಧೂಳಿನ ವಾಸನೆ ಇರಬೇಕು, ಡೀಸೆಲಿನ ವಾಸನೆ ಇರಬೇಕು. ಅದಕ್ಕಿದ್ದದ್ದು ಚರ್ಮದ ವಾಸನೆ.

ಕಪಾಟು ತೆರೆದಳು. ಕಂಪ್ಯೂಟರು ಹಾಕಿದಳು. ಓದಿದಳು. ಅವಳು ಸೇರಿಸಿದ್ದನ್ನೆಲ್ಲ ತೆಗೆದುಹಾಕಿದ್ದರು. ಕಾರಣ ಎಂದು ಇಂಗ್ಲಿಷಿನಲ್ಲಿ ಒಂದು ಸಾಲು ಇತ್ತು. ನಾನು ಹಿಂದೆ ನಿಂತಿದ್ದೆ. ತಿರುಗದೆ, ಕನ್ನಡದಲ್ಲಿ ಓದಿ ಹೇಳಿದಳು: “ಬರೆದವರಿಂದ ಉತ್ತರವಿಲ್ಲ.”

ಎದ್ದು ಬಂದು ಕೊಂಡಿಯಿಂದ ಬೀಗ ಬಿಡಿಸಿದಳು. ಕೀ ಅದರಲ್ಲೇ ಇತ್ತು. ಗೂಟಕ್ಕೆ ನೇತುಹಾಕಿದ್ದ ನನ್ನ ಚೀಲದ ಒಳಜೇಬಿಗೆ ಅದನ್ನು ಹಾಕಿದಳು.

“ಇದ್ ಇಲ್ಲೇ ಇರ್ಲಿ ಅಣ್ಣ. ಇಲ್ಲೇ ಇದ್ದದ್ ಅಲ್ದಾ?”

ಅಷ್ಟೇ. ಆಮೇಲೆ ಒಂದು ದಿನವೂ ಆ ಮಾತು ಎತ್ತಲಿಲ್ಲ. ನಾನೂ ತಪ್ಪಾಯಿತು ಎನ್ನಲಿಲ್ಲ. ಎನ್ನಲು ಎಷ್ಟು ಸಲ ಬಾಯಿ ತೆರೆದೆನೋ, ಅಷ್ಟು ಸಲವೂ ಬಸ್ಸಿನಲ್ಲಿ ಯಾರಾದರೂ ಇರುತ್ತಿದ್ದರು, ಮನೆಯಲ್ಲಿ ಯಾರಾದರೂ ಇರುತ್ತಿದ್ದರು... ಯಾರೂ ಇಲ್ಲದಾಗ ನಾನೇ ಇರುತ್ತಿರಲಿಲ್ಲ.

ಅವಳು ಬಿಡಲಿಲ್ಲ. ಅದೇ ವಾರ ಪರೀಕ್ಷೆ ಮುಗಿಸಿ ಸರಿಮಾಡಿದ ಸಾಲುಗಳನ್ನು ಕಳಿಸಿದಳು. ಅಪ್ಪಯ್ಯ ತೀರಿಹೋದದ್ದನ್ನು ಬರೆದೆಯಾ ಎಂದು ಕೇಳಿದೆ. ಬರೆದಿದ್ದರೆ ನನಗೂ ಒಂದಿಷ್ಟು ಹಗುರಾಗುತ್ತಿತ್ತು ಎಂಬ ಆಸೆ.

“ಎಂತಕ್ ಬರಿಕ್? ಅಪ್ಪಯ್ಯ ನೆಪ ಹೇಳುಕಿಪ್ಪುದಲ್ಲ,” ಎಂದಳು.

ಒಮ್ಮೆ ಉತ್ತರ ಕೊಡದವರನ್ನು ಮತ್ತೆ ನಂಬಲು ಜನಕ್ಕೆ ಹೊತ್ತು ಬೇಕು. ಅವಳ ಸಾಲುಗಳು ಕರ್ನಲ್ಲಿನೊಳಗೆ ವಾಪಸು ಸೇರಲು ಹತ್ತಿರ ಹತ್ತಿರ ಒಂದು ವರ್ಷ ಹಿಡಿಯಿತು. ಸೇರಿದ ಮೇಲೆ ಅವಳು ಶುರುಮಾಡಿದ ಕೆಲಸ ಇನ್ನೂ ವಿಚಿತ್ರ. ಹಳೆಯ ಹೆಸರಿನಲ್ಲಿ ಕರೆಯುವ ಒಂದೊಂದೇ ಕಡೆಗೆ ತಾನೇ ಹೋಗಿ, ಅದನ್ನು ಹೊಸ ಪದ್ಧತಿಗೆ ತಿದ್ದುವುದು. ಒಂದು ಹೆಸರನ್ನು ಕರೆಯುವ ಕೊನೆಯ ಕಡೆಯೂ ಬದಲಾದರೆ ತಾನು ಬರೆದ ರ‍್ಯಾಪರನ್ನು ತಾನೇ ಅಳಿಸುವುದು. ವರ್ಷಗಟ್ಟಲೆ ಕಾದಾಡಿ ಒಳಗೆ ಸೇರಿಸಿದ್ದನ್ನು ಕೈಯಾರೆ ಅಳಿಸುವವಳ ಮುಖ ನೋಡಬೇಕಿತ್ತು. ಬೆಳಿಗ್ಗೆ ಬಸ್ಸು ಹತ್ತುವಾಗಲೇ ಗೊತ್ತಾಗುತ್ತಿತ್ತು.

“ಅಣ್ಣ, ಇವತ್ ಒಂದ್ ಸ್ಟಾಪ್ ಕಮ್ಮಿ ಆಯ್ತ್.”

“ರೈಟ್!” ಎಂದು ನಾನು ಸೀಟಿ ಊದುತ್ತಿದ್ದೆ. ಅವಳು ನಗುತ್ತಿದ್ದಳು. ಆ ನಗುವಿಗೆ ನಾನು ಅರ್ಹನಾಗಿರಲಿಲ್ಲ. ಆದರೂ ತೆಗೆದುಕೊಂಡೆ.

ಮೂರು ಹೆಸರು ಉಳಿದಿದ್ದಾಗ ಅವಳಿಗೆ ಮಳೆಗಾಲದ ಜ್ವರ ಬಂತು. ಎಂಟು ದಿನ. ಒಂಬತ್ತನೇ ದಿನ ಇರಲಿಲ್ಲ... ಅದರ ಬಗ್ಗೆ ಬರೆಯುವುದಕ್ಕೆ ನನ್ನಿಂದಾಗುವುದಿಲ್ಲ.

ಅವಳ ಸೂತಕದ ಮೂರನೇ ದಿನದ ಬಗ್ಗೆ ಬರೆಯುತ್ತೇನೆ. ಅದೇ ಚಾವಡಿ, ಅದೇ ನೆಂಟರು, ಅದೇ ಜಾಗದಲ್ಲಿ ದೊಡ್ಡಮ್ಮ. ಬಸ್ರೂರಿನಿಂದ ದಿನಾ ನನ್ನ ಬಸ್ಸಿನಲ್ಲಿ ಕುಂದಾಪುರಕ್ಕೆ ಹೋಗುವ ಕಾಲೇಜಿನ ಮೇಡಂ ಒಬ್ಬರು ಮಾತಾಡಿಸಲು ಬಂದಿದ್ದರು. ಅವರು ಕಂಪ್ಯೂಟರ್ ಕಲಿಸುವವರು. ಬಸ್ಸಿನಲ್ಲಿ ತಂಗಿಯ ಪಕ್ಕ ಕೂತು ಆ ವಿಷಯವನ್ನೇ ಮಾತಾಡುತ್ತಿದ್ದವರು ಅವರೊಬ್ಬರೇ. ಅವರು ಏಳುವಾಗ ನಾನೂ ಎದ್ದೆ. ಕಪಾಟಿನ ಬಾಗಿಲು ತೆರೆದೆ. ಪ್ಲಗ್ಗು ಹಾಕಿದೆ. ಫ್ಯಾನು ತಿರುಗಿತು. ಪಾಸ್ವರ್ಡು ಏನೂ ಇರಲಿಲ್ಲ. ಆ ಬೊಜ್ಜದ ಮಾರನೇ ದಿನದಿಂದ ಅವಳು ಯಾವುದಕ್ಕೂ ಬೀಗ ಇಡುವುದನ್ನೇ ಬಿಟ್ಟಿದ್ದಳು.

“ಮೇಡಂ, ಕೂಕಣಿ,” ಎಂದೆ. “ಒಂದ್ ಕಡೆ ‘ಬರೆದವರಿಂದ ಉತ್ತರವಿಲ್ಲ’ ಅಂದಿತ್ತ್. ಅದ್ನ ಹುಡ್ಕಿ. ಅದ್ರ ಅಡಿಗ್ ನಾನ್ ಹೇಳ್ದಂಗ್ ಬರಿನಿ.”

ಹುಡುಕಲು ಸ್ವಲ್ಪ ಹೊತ್ತು ಬೇಕಾಯಿತು. ಸಿಕ್ಕಿತು. ಅವರು ಹೇಳಿದರು, “ಇದು ತುಂಬಾ ಹಳೇದು. ಈಗ ಯಾರೂ ಓದೂದಿಲ್ಲ.”

“ಓದುದ್ ಬ್ಯಾಡ. ಅಲ್ಲಿದ್ರೆ ಸಾಕ್.”

ನಾನು ಹೇಳಿದೆ, ಅವರು ಇಂಗ್ಲಿಷಿನಲ್ಲಿ ಬರೆದರು. ಉತ್ತರ ಸಿದ್ಧವಿತ್ತು. ನಮ್ಮ ತಂದೆ ತೀರಿಕೊಂಡಿದ್ದರು. ಅವಳ ಅಣ್ಣನಾದ ನಾನು ಕಂಪ್ಯೂಟರಿಗೆ ಬೀಗ ಹಾಕಿ, ಕೀ ಕಳೆದಿದೆ ಎಂದು ಸುಳ್ಳು ಹೇಳಿದೆ. ತಪ್ಪು ಅವಳದ್ದಲ್ಲ. ಅವಳು ಮೊನ್ನೆ ತೀರಿಕೊಂಡಳು. ಇನ್ನು ಮೂರು ಹೆಸರು ಉಳಿದಿವೆ.

“ಸುಳ್ಳು ಹೇಳಿದ್ದನ್ನೂ ಬರಿಯುದಾ?” ಎಂದು ಮೇಡಂ ತಿರುಗಿ ನೋಡಿದರು.

“ಅದನ್ನೇ ಮೊದ್ಲ್ ಬರಿನಿ.”

ಹಿಂದಿನಿಂದ ದೊಡ್ಡಮ್ಮನ ದನಿ ಬಂತು. “ಹೆಣ್ ಹೋಯಿ ಮೂರ್ ದಿನ ಆಯ್ಲಿಲ್ಲ, ಸೂತಕದಲ್ ಇದೆಂತ ಮಾಡುದ್? ಮನೆ ಮರ್ಯಾದಿ ಎಂತ ಆಯ್ಕ್?”

“ದೊಡ್ಡಮ್ಮ, ಈ ಮನೆ ಮರ್ಯಾದಿ ಹೋದ್ದ್ ನಾ ಬೀಗ ಹಾಕಿದ್ ದಿನ. ಇವತ್ ಬಾಗ್ಲ್ ತೆಗ್ದದ್. ಮೈಲ್ಗಿ ಇದ್ರೆ ನನ್ ಒಬ್ಬನ್ ತಲಿಗೆ ಇರ್ಲಿ.”

ಒಬ್ಬರು ಎದ್ದು ಹೋದರು, ಇನ್ನೊಬ್ಬರು ಹೋದರು. ಹೋಗಲಿ ಎಂದು ಬಿಟ್ಟೆ. ಮೇಡಂ ಕಳಿಸುವ ಗುಂಡಿ ಒತ್ತಿದರು. ದೊಡ್ಡಮ್ಮ ಮಾತ್ರ ಅಂಗಳದವರೆಗೆ ಹೋಗಿ ವಾಪಸು ಬಂದರು. ಬಾಗಿಲ ಚೌಕಟ್ಟು ಹಿಡಿದು, ನನ್ನ ಮುಖ ನೋಡದೆ ಕೇಳಿದರು, “ಹೋಯ್ತಾ ಅದ್?”

“ಹೋಯ್ತ್ ದೊಡ್ಡಮ್ಮ.”

ಅವರು ಸೆರಗಿನಿಂದ ಕಪಾಟಿನ ಮೇಲಿನ ಧೂಳು ಒರೆಸಿ ಒಳಗೆ ಹೋದರು.

ಹಿಂದೆ ಗಡುವು ಹಾಕಿದ್ದ ಆ ಹಿರಿಯರು ಎರಡು ಸಾಲು ಬರೆದರಂತೆ: ಗೊತ್ತಿರಲಿಲ್ಲ, ಉಳಿದ ಮೂರನ್ನು ನಾವು ನೋಡಿಕೊಳ್ಳುತ್ತೇವೆ. ಹಳೆಯ ಸಾಲನ್ನು ಅಳಿಸಲು ಆಗುವುದಿಲ್ಲವೇ ಎಂದು ಮೇಡಂ ಹತ್ತಿರ ಕೇಳಿದ್ದೆ. ಆಗುವುದಿಲ್ಲವಂತೆ. ಅಲ್ಲಿ ಬರೆದ ಸಾಲುಗಳು ಕರ್ನಲ್ಲಿನಿಂದ ಅಳಿಯುತ್ತವೆ, ಆಡಿದ ಮಾತು ಯಾವತ್ತಿಗೂ ಅಳಿಯುವುದಿಲ್ಲ. ಇರಲಿ. ಅದರ ಅಡಿಯಲ್ಲಿ ನನ್ನದೂ ಇದೆ.

ಮೊನ್ನೆ ಬಸ್ರೂರಿನಲ್ಲಿ ಬಸ್ಸು ಹತ್ತಿದ ಮೇಡಂ ಟಿಕೇಟು ಕೇಳಲಿಲ್ಲ. ಹೇಳಿದರು, ಕೊನೆಯ ಹೆಸರನ್ನೂ ತೆಗೆದರು, ಆ ಕಡತವನ್ನೇ ಅಳಿಸಿದರು ಎಂದು. ಯಾರೋ ನಮಗೆ ಗೊತ್ತಿಲ್ಲದವರು ಮಾಡಿದ್ದು. ಕಾರಣ ಎಂದು ಬರೆದದ್ದು ಇಷ್ಟೇ: ಈ ಹೆಸರಿನಲ್ಲಿ ಕರೆಯುವವರು ಈಗ ಯಾರೂ ಇಲ್ಲ. ಅವಳ ಹೆಸರು ಅದರಲ್ಲಿ ಇರಲಿಲ್ಲ.

“ಖುಷಿ ಪಡುದಾ ಬೇಜಾರ್ ಮಾಡುದಾ ಗೊತ್ತಾತಿಲ್ಲ,” ಎಂದರು.

ನನಗೂ ಗೊತ್ತಾಗಲಿಲ್ಲ. ಸೀಟಿ ಊದಬೇಕೆನಿಸಿತು, ಊದಲಿಲ್ಲ. ಅದೇ ಸಂಜೆ ಅಟ್ಟ ಹತ್ತಿ ಚೀಲ ಇಳಿಸಿದ್ದು.

ಅಷ್ಟೆಲ್ಲ ಮಾಡಿ ಅವಳದ್ದೆಂದು ಏನು ಉಳಿಯಿತು ಎಂದು ನಿನ್ನೆ ಒಬ್ಬರು ಕೇಳಿದರು. ಏನೂ ಉಳಿಯಲಿಲ್ಲ! ಉಳಿಯದ ಹಾಗೆ ಮುಗಿಯಬೇಕೆಂದೇ ಅವಳು ಕೂತದ್ದು. ಆ ವರ್ಷಗಳಲ್ಲಿ ಹಳೆಯ ಹೆಸರು ಹೇಳಿ ಕೈ ತೋರಿಸಿದವರು ಯಾರೂ ರಸ್ತೆಯಲ್ಲಿ ನಿಲ್ಲಲಿಲ್ಲ. ತಪ್ಪಿ ಆಚೆ ಬದಿಗೆ ಇಳಿದವನನ್ನೂ ಅವಳು ಕೈ ಹಿಡಿದು ಈಚೆ ತಂದಳು, ತಡವಾಗಿ ತಂದಳು, ಆ ತಡ ನನ್ನದು. ಇದನ್ನು ವ್ಯರ್ಥ ಎನ್ನುವವರು ನನ್ನ ಬಸ್ಸಿಗೆ ಬರಲಿ, ಮಾತಾಡುವ.

ಮಾತಾಡಬೇಕಾದವಳೇ ಇಲ್ಲ. ಬೆಳಿಗ್ಗೆ ಬಸ್ರೂರಿನಲ್ಲಿ ಬಸ್ಸು ಹೊರಡುವಾಗ ಬಲಬದಿಯ ಮೂರನೇ ಸೀಟನ್ನು ಈಗಲೂ ಒಮ್ಮೆ ನೋಡುತ್ತೇನೆ. ಯಾರಾದರೂ ಕೂತಿರುತ್ತಾರೆ.

ಮೆಶಿನು ಇಡುವ ರೆಗ್ಸಿನ್ ಚೀಲವನ್ನು ಮೊನ್ನೆಯೇ ಅಟ್ಟಕ್ಕೆ ಹಾಕಿದೆ. ಹಳೆಯ ಚರ್ಮದ ಚೀಲಕ್ಕೆ ಎಣ್ಣೆ ಹಚ್ಚಿ ಹೆಗಲಿಗೇರಿಸಿದ್ದೇನೆ. ಮೆಶಿನು ತೆಗೆಯಲು ಕೈ ಹಾಕಿದಾಗಲೆಲ್ಲ ಬೀಗ ಬೆರಳಿಗೆ ತಾಗುತ್ತದೆ. ಒಳಜೇಬಿನಿಂದ ಅದನ್ನು ತೆಗೆದಿಲ್ಲ, ತೆಗೆಯುವುದೂ ಇಲ್ಲ.

ಅಲ್ಲೇ ಇದ್ದದ್ದಲ್ಲವೇ.